ಒಂದು ಸೈಜು ದೊಡ್ಡ ಬ್ರೇಕರ್

ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಸರಿಯಾದ ಅಳತೆಗೆ ಕೊಂಡ ಇತಿಹಾಸವಿಲ್ಲ. ಮಗಳು ಶಾಲೆಗೆ ಹೋಗುತ್ತಿದ್ದಾಗ ಅವಳ ಬೂಟುಗಳೆಲ್ಲ ಒಂದು ಸೈಜು ದೊಡ್ಡವು. ಕಾಲಿಗೆ ಸರಿಹೊಂದುವ ಹೊತ್ತಿಗೆ ಹರಿದಿರುತ್ತಿದ್ದವು. ‘ಮುಂದ ಬೇಕಾಗ್ತೈತಿ’ ಎಂಬುದು ನಮ್ಮಪ್ಪ ಕಲಬುರಗಿಯಿಂದ ಹೈದರಾಬಾದಿಗೆ ತಂದ ಏಕೈಕ ಆಸ್ತಿ.

ಹೀಗಾಗಿ, ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಟಪ್ಪೆಂದು ಬ್ರೇಕರ್ ಬಿದ್ದು ಕರೆಂಟು ಹೋಗತೊಡಗಿದಾಗ ನಾನು ರೋಗವನ್ನು ಕೂಡಲೇ ಪತ್ತೆ ಹಚ್ಚಿದೆ. ಬ್ರೇಕರ್ ಸಣ್ಣದಾಯಿತು!

“ಎಲೆಕ್ಟ್ರಿಷಿಯನ್ ಯಾದಗಿರಿನ್ನ ಕರೀರಿ,” ಎಂದಳು ಹೆಂಡತಿ ಸಾವಿತ್ರಿ. “ರವಿವಾರ ಮಗಳನ್ನ ನೋಡಾಕ ಬರ್ತಾರ. ಅವರ ಮುಂದ ಕತ್ತಲಾದ್ರ ಮರ್ಯಾದಿ ಹೋಗ್ತೈತಿ.”

“ಇಷ್ಟಕ್ಕ ಅವಾ ಯಾಕ? ನಾ ಇಲ್ಲೇನು?”

“ನೀವು ಇದ್ದೀರಿ ಅಂತನ ಅಂಜಿಕಿ.”

ಗರಿಗರಿ ಇಸ್ತ್ರಿಯ ಅಂಗಿ ತೊಟ್ಟು, ದೊಡ್ಡ ಬ್ರೇಕರ್ ತರಲು ಅಬಿಡ್ಸ್ ಬಜಾರಿಗೆ ಹೊರಟೆ. ಇಸ್ತ್ರಿಯ ವಿಷಯದಲ್ಲಿ ನಾನು ಯಾರನ್ನೂ ನಂಬುವವನಲ್ಲ. ದಿನಾ ಬೆಳಿಗ್ಗೆ ನಾನೇ ಮಾಡಿಕೊಳ್ಳುತ್ತೇನೆ.

ಹಳೆಯದು ಎಷ್ಟು ಆಂಪಿಯರ್ ಎಂದು ಅಂಗಡಿಯವರು ಕೇಳಿದರು. ಹದಿನಾರು ಎಂದೆ. ಅದಕ್ಕಿಂತ ದೊಡ್ಡದು ತೋರಿಸಿದರು. ಇನ್ನೂ ದೊಡ್ಡದು ಎಂದೆ. ಇನ್ನೂ! ಕೊನೆಗೆ ಅರವತ್ಮೂರರದು ಬಂತು.

“ಜೀಡಿಮೆಟ್ಲಾ ಮೇ ಫ್ಯಾಕ್ಟರಿ ಹೈ ಕ್ಯಾ, ಸಾಬ್?”

ಫ್ಯಾಕ್ಟರಿ ಮಾಲೀಕನಂತೆ ಕಂಡೆನಲ್ಲ! ಎಲ್ಲ ಇಸ್ತ್ರಿಯ ಮಹಿಮೆ ಎಂದುಕೊಂಡು ಗಂಭೀರವಾಗಿ ತಲೆಯಾಡಿಸಿದೆ.

ಶನಿವಾರ ನಾನು ಸ್ಕ್ರೂಡ್ರೈವರ್ ಹುಡುಕುವಷ್ಟರಲ್ಲೇ ಸಾವಿತ್ರಿ ಯಾದಗಿರಿಯನ್ನು ಕರೆಸಿದ್ದಳು. ಅವನು ನನ್ನ ಬ್ರೇಕರ್ ನೋಡಿ, “ಏಂದಿ ಸಾರ್ ಇದಿ!” ಎಂದು ಹಣೆ ಚಚ್ಚಿಕೊಂಡ. ನಮ್ಮ ಸಣ್ಣ ವೈರುಗಳಿಗೆ ಇದನ್ನು ಹಾಕಿದರೆ ಬ್ರೇಕರ್ ಬೀಳುವುದೇ ಇಲ್ಲವಂತೆ. ವೈರೇ ಕಾದು ಮನೆಗೆ ಬೆಂಕಿ ಹತ್ತುತ್ತದಂತೆ! ಆ ವೈರು ಹಾದುಹೋಗಿರುವುದು ಮಗಳು ಮಲಗುವ ಕೋಣೆಯ ಗೋಡೆಯಲ್ಲಿ. ನಾನು ಬ್ರೇಕರನ್ನು ಮತ್ತೆ ಅದರ ಡಬ್ಬಿಗೆ ತುರುಕಿದೆ.

“ಹಂಗಾರ ಹಳೇದು ಯಾಕ ಬೀಳಾಕತ್ತೈತಿ?” ಎಂದಳು ಸಾವಿತ್ರಿ.

ಯಾದಗಿರಿ ಗೀಸರ್ ಹಚ್ಚಿದ. ಏನೂ ಆಗಲಿಲ್ಲ. ಮಿಕ್ಸರ್ ಹಚ್ಚಿದ. ಏನೂ ಆಗಲಿಲ್ಲ. ನನ್ನ ಇಸ್ತ್ರಿಪೆಟ್ಟಿಗೆ ಹಚ್ಚಿ ಅದರ ವೈರನ್ನು ತುಸು ಬಗ್ಗಿಸಿದ. ಟಪ್! ಅದಕ್ಕೆ ಸುತ್ತಿದ್ದ ಟೇಪು ಬಿಚ್ಚಿದರೆ ಒಳಗೆ ತಂತಿಗಳು ಬೋಳಾಗಿ ಒಂದಕ್ಕೊಂದು ತಾಗುತ್ತಿದ್ದವು. ಆ ಟೇಪು ಸುತ್ತಿದ ಮಹಾನ್ ತಂತ್ರಜ್ಞ ನಾನೇ.

“ಈ ಮನ್ಯಾಗ ನಿಮ್ಮ ತಪ್ಪು ತೋರ್ಸೋರು ಇಬ್ಬರ, ನಾನು ಮತ್ತ ಈ ಬ್ರೇಕರ್,” ಎಂದಳು ಸಾವಿತ್ರಿ. “ಅದರ ಬಾಯಿನೂ ಮುಚ್ಚಸಾಕ ಹೊಂಟಿದ್ರಿ!”

ರವಿವಾರ ಒಂದು ದೀಪವೂ ಆರಲಿಲ್ಲ. ಇಸ್ತ್ರಿಪೆಟ್ಟಿಗೆ ಮಾತ್ರ ಯಾದಗಿರಿಯ ವಶದಲ್ಲಿತ್ತು. ಝಗಝಗ ಬೆಳಕಿನಲ್ಲಿ, ಮುದುಡಿದ ಅಂಗಿಯಲ್ಲಿ, ಬಂದವರಿಗೆಲ್ಲ ನಾನೇ ಚಹಾ ಕೊಟ್ಟೆ. ಹುಡುಗನ ತಂದೆ ಕಪ್ಪು ತೆಗೆದುಕೊಂಡು ಸಾವಿತ್ರಿಯನ್ನು ಕೇಳಿದರು:

“ಮನಿ ಯಜಮಾನ್ರು ಯಾವಾಗ ಬರ್ತಾರ್ರಿ?”