ಸಾಗವಾನಿಯ ಸೆರಗು

ನಮ್ಮ ಕಾಕಾ ಯಾರ ಮನೆಗೆ ಹೋದರೂ ಮೊದಲು ಬಾಗಿಲನ್ನು ಬೆರಳಿನಿಂದ ಬಡಿಯುತ್ತಾರೆ. ಒಳಗಿನವರನ್ನು ಕರೆಯಲಿಕ್ಕೆ ಎಂದುಕೊಂಡಿರಾ? ಅಲ್ಲವೇ ಅಲ್ಲ! ಬಾಗಿಲು ಸಾಗವಾನಿಯದೋ ಪ್ಲೈವುಡ್ಡಿನದೋ ಎಂದು ತಿಳಿಯಲಿಕ್ಕೆ. ಮನೆಯವರು ಬಂದು ಬಾಗಿಲು ತೆರೆದರೆ ಇವರ ಕೆಲಸಕ್ಕೆ ಅಡ್ಡಿ ಮಾಡಿದಂತೆಯೇ ಸರಿ.

ನನಗೆ ಹೆಣ್ಣು ನೋಡಲು ಹೋದಾಗಲೂ ಎಲ್ಲರ ಕಣ್ಣು ಹುಡುಗಿಯ ಮೇಲಿದ್ದರೆ ಕಾಕಾ ಟೀಪಾಯಿಯ ಕೆಳಗೆ ಬಗ್ಗಿ ಏನನ್ನೋ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಅಪ್ಪ ಕಾಕಾನನ್ನು ಕೇಳಿದರು.

"ಹುಡುಗಿ ಹೆಂಗ ಅನಿಸಿದ್ಳೋ?"

"ಹುಡುಗೀನ ಯಾರ್ ನೋಡ್ಯಾರ? ಅಷ್ಟು ಚೊಲೋ ಕಟ್ಟಿಗಿ ಇಟಗೊಂಡ ಮಂದಿ ಕೆಟ್ಟವರಿರೂದಿಲ್ಲ. ಸುಮ್ಮ ಮಾಡ್ಕೋರಿ!"

ಆ ಒಂದು ಮಾತಿನ ಮೇಲೆ ನನ್ನ ಲಗ್ನವಾಯಿತು. ಕಾಕಾನ ಮಾತು ಸುಳ್ಳಾಗಿಲ್ಲ ಎಂದು ನಾನು ಹೆಂಡತಿ ಎದುರಿಗಿದ್ದಾಗ ತಪ್ಪದೆ ಹೇಳುತ್ತೇನೆ.

ಕಾಕಾ ಇರುವುದು ಖಾನಾಪುರದಲ್ಲಿ. ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಕಬ್ಬಿಣ ಕೊರೆದು ನಿವೃತ್ತರಾದರು. ನಿವೃತ್ತರಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ವಾಕಿಂಗ್ ಹೋಗುತ್ತಾರೆ, ಕಂಡವರಿಗೆಲ್ಲ ಬುದ್ಧಿ ಹೇಳುತ್ತಾರೆ. ನಮ್ಮ ಕಾಕಾ ಸ್ಕ್ರೋಲ್ ಸಾ ಕೊಂಡು ತಂದರು! ನೋಡಲಿಕ್ಕೆ ಹೊಲಿಗೆ ಮಷೀನಿನಂಥದೇ ಯಂತ್ರ. ಸೂಜಿಯ ಜಾಗದಲ್ಲಿ ದಾರದಷ್ಟು ಸಣ್ಣ ಗರಗಸ ಮೇಲೆ ಕೆಳಗೆ ಕುಣಿಯುತ್ತದೆ. ಅದರೆದುರು ತೆಳ್ಳನೆಯ ಹಲಗೆಯನ್ನು ತಿರುಗಿಸುತ್ತ ಹೋದರೆ ಹೂವು, ಬಳ್ಳಿ, ಹಕ್ಕಿ, ಏನು ಬೇಕಾದರೂ ಕತ್ತರಿಸಿ ತೆಗೆಯಬಹುದು. ಒಮ್ಮೆ ಅದು ಕೆಟ್ಟಾಗ ಆಟೋ ನಗರದ ಮೆಕ್ಯಾನಿಕ್ ಒಬ್ಬ ಯಾವುದೋ ರಿಕ್ಷಾದ ಸ್ಪ್ರಿಂಗ್ ಹಾಕಿ ಕೊಟ್ಟ. ಅಂದಿನಿಂದ ಕಾಕಾ ಮಷೀನು ಶುರು ಮಾಡಿದರೆ ಓಣಿಯವರು ರಿಕ್ಷಾ ಬಂತೆಂದು ಚೀಲ ಹಿಡಿದು ಹೊರಗೆ ಬರುತ್ತಾರೆ.

ಅವರ ಹೆಂಡತಿ, ನಮ್ಮ ಕಾಕುಗೆ ಮಾತ್ರ ಆ ಮಷೀನು ಸಾಕ್ಷಾತ್ ಸವತಿ. "ಅನ್ನದಾಗ ಕಟ್ಟಿಗಿ ಪುಡಿ, ಹಾಸಗ್ಯಾಗ ಕಟ್ಟಿಗಿ ಪುಡಿ! ಹಿಂಡಲಗಾ ಜೇಲಿನಾಗ ಇದ್ದವರರೆ ಭೇಟಿ ಆಗಾಕ ಹೋದ್ರ ಎರಡು ಮಾತಾಡ್ತಾರ. ಇವರು ಮನ್ಯಾಗಿದ್ದೂ ಮಾತಾಡಂಗಿಲ್ಲ!" ಕಾಕಾ ಏನನ್ನಾದರೂ ಕತ್ತರಿಸಿ ತಂದು "ಒಂದ್ಸಲ ನೋಡ ಇಲ್ಲಿ" ಎಂದರೆ ಕಾಕು ರೊಟ್ಟಿ ಬಡಿಯುತ್ತಲೇ ಮುಖ ಆ ಕಡೆ ತಿರುಗಿಸುತ್ತಿದ್ದರು. ಒಂದು ದಿನ ಬೇಸತ್ತು ಷರತ್ತು ಹಾಕಿಬಿಟ್ಟರು.

"ಎಲ್ಲೆರೆ ಮೊದಲ್ನೇ ಬಹುಮಾನ ತಗೊಂಡ ಬರ್ರಿ. ಆವತ್ತ ಕಣ್ಣ ತುಂಬ ನೋಡ್ತೀನಿ."

ಹೀಗೆ ಹತ್ತಿತು ನೋಡಿ ಕಾಕಾನಿಗೆ ಬೆಳಗಾವಿಯ ಕರಕುಶಲ ಸ್ಪರ್ಧೆಯ ಹುಚ್ಚು! ಊರೆಲ್ಲ ಚಪ್ಪಾಳೆ ಹೊಡೆಯಲಿ ಎಂದಲ್ಲ, ಅಡುಗೆಮನೆಯಿಂದ ಒಬ್ಬರು ಹೊರಗೆ ಬಂದು ನೋಡಲಿ ಎಂದು.

ಮೊದಲ ವರ್ಷ ನವಿಲು ಮಾಡಿದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೆಳಗಾವಿಗೆ ಒಯ್ಯುವ ಭಾಗ್ಯ ನನ್ನದು. ಬಾಜೂ ಸೀಟಿನವನು "ಹೇ ಕಾಯ?" ಎಂದು, ಅಂದರೆ ಇದೇನೆಂದು, ಮರಾಠಿಯಲ್ಲಿ ಕೇಳಿದ್ದೇ ತಡ, ಕಾಕಾ ಮರಾಠಿಯಲ್ಲಿ ಅವನಿಗೂ ಕನ್ನಡದಲ್ಲಿ ಹಿಂದಿನ ಸೀಟಿನವರಿಗೂ ಉಪನ್ಯಾಸ ಶುರು ಮಾಡಿದರು. ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು. ಊರು ಮುಟ್ಟುವಷ್ಟರಲ್ಲಿ ನವಿಲಿನ ಜುಟ್ಟು ಹೋಗಿತ್ತು, ಗರಿಗಳೂ ಅರ್ಧಕ್ಕರ್ಧ ಉದುರಿದ್ದವು. ಪರೀಕ್ಷಕರು ಬಂದು ಬಗ್ಗಿ ನೋಡಿ, "ಕೋಳಿ ಭಾಳ ಚೊಲೋ ಆಗೇತ್ರಿ" ಎಂದು ಹೋದರು. ಸುದ್ದಿ ಕೇಳಿ ಕಾಕು, "ಕೋಳಿ ಆತು, ತತ್ತಿ ಎಲ್ಲಿ ಐತಿ?" ಎಂದರು.

ಮರುವರ್ಷ ಆನೆ. ಒಂದೇ ಹಲಗೆಯಲ್ಲಿ ತುಂಡು ತುಂಡಾಗಿ ಕತ್ತರಿಸಿದ್ದು, ಬಿಡಿಸಿ ಮತ್ತೆ ಕೂಡಿಸುವಂಥದು. ಪರೀಕ್ಷಕರು ಉತ್ಸಾಹದಿಂದ ಬಿಡಿಸಿದರು. ಕೂಡಿಸಲು ಹೋದರೆ ಸೊಂಡಿಲು ಬಾಲದ ಕಡೆಗೇ ಹೋಗಿ ಕೂತಿತು! ಕಾಕಾ ಕೈಕಟ್ಟಿ ನಿಂತಿದ್ದರು. "ಸ್ವಲ್ಪ ತೋರಸ್ರಿ ಯಜಮಾನ್ರ" ಎಂದರೂ ಕದಲಲಿಲ್ಲ. "ಬಿಡಿಸಿದವರ ಕೂಡಿಸ್ಬೇಕ್ರಿ, ಅದ ಅದರ ಆಟ!" ಬೆವರೊರೆಸಿಕೊಂಡ ಪರೀಕ್ಷಕರು ಕೊಟ್ಟದ್ದು ಸಮಾಧಾನಕರ ಬಹುಮಾನ, ಪ್ಲಾಸ್ಟಿಕ್ಕಿನ ಡಬ್ಬಿ. ಕಾಕು ಅದನ್ನು ತಿರುವಿ ನೋಡಿ, "ಕಟ್ಟಿಗಿ ಒಯ್ದು ಪ್ಲಾಸ್ಟಿಕ್ ತಂದ್ರಿ?" ಎಂದು ಅದಕ್ಕೆ ಶೇಂಗಾ ಚಟ್ನಿ ತುಂಬಿಟ್ಟರು.

ಮೂರನೆಯ ಸಲದ ಕಥೆಯೇ ಬೇರೆ. ಒಂದು ಮಧ್ಯಾಹ್ನ ಕಾಕುವಿನ ಟ್ರಂಕಿನಲ್ಲಿದ್ದ ಲಗ್ನದ ಇಳಕಲ್ಲು ಸೀರೆ ಮಾಯ! ಮನೆಯೆಲ್ಲ ಹುಡುಕಿದರೆ ಅದು ಕಾಕಾನ ಮಷೀನಿನ ಬಾಜೂಕೆ ಹಲಗೆಯ ಮೇಲೆ ಮಲಗಿತ್ತು, ನಾಲ್ಕೂ ಕಡೆ ಬಟ್ಟೆ ಒಣಹಾಕುವ ಚಿಮಟಿಗೆ ಹಾಕಿಸಿಕೊಂಡು.

"ಯಪ್ಪಾ! ಕಟ್ಟಿಗಿ ಮುಗದು, ಈಗ ನನ್ನ ಸೀರೀಗೆ ಗರಗಸ ಹಚ್ಚಾಕತ್ತೀರಿ?"

"ಗರಗಸ ಹಚ್ಚೂದಿಲ್ಲ ಮಾರಾಯ್ತಿ. ಸೆರಗಿನ ನಕ್ಷಾ ಅಷ್ಟ ತಗೋತೀನಿ."

ಕಾಕು ಸೀರೆ ಕಿತ್ತುಕೊಂಡು, ಎಳೆ ಎಳೆ ತಪಾಸಣೆ ಮಾಡಿ, ಟ್ರಂಕಿಗೆ ಕೀಲಿ ಹಾಕಿದರು. ಅಷ್ಟರಲ್ಲಿ ಸೆರಗು ಕಾಗದಕ್ಕೆ ಇಳಿದಾಗಿತ್ತು. ಇದೇ ಸೆರಗು ಯಾಕೆ ಎಂದು ಕಾಕು ಕೇಳಲಿಲ್ಲ, ಕಾಕಾ ಹೇಳಲೂ ಇಲ್ಲ. ಮಳೆಗಾಲವೆಲ್ಲ ಕಾಕಾ ಅದೊಂದನ್ನೇ ಹಿಡಿದು ಕೂತರು. ಸಾಗವಾನಿಯ ಹಲಗೆಯಲ್ಲಿ ತೆನೆಗಳ ಸಾಲು, ಹಣಿಗೆ ಹಲ್ಲಿನಂಥ ಗೆರೆ, ನಡುವೆ ಗಾಳಿ ಆಡುವಷ್ಟು ಸಂದು. ಗೋಡೆಗೆ ಆನಿಸಿಟ್ಟರೆ ಯಾರೋ ಸೀರೆ ಒಣಹಾಕಿದಂತೆ ಕಾಣುತ್ತಿತ್ತು. ಈ ಸಲ ಕಾಕಾನ ಕಾಲು ನೆಲದ ಮೇಲಿರಲಿಲ್ಲ.

ಸ್ಪರ್ಧೆಯ ದಿನ ನಸುಕಿನಲ್ಲಿ ಕಾಕು, "ಇಲ್ಲಿ ಕೊಡ್ರಿ, ನಿಮಗ ಕಟ್ಟಾಕ ಬರೂದಿಲ್ಲ" ಎಂದು ತಾವೇ ಅದನ್ನು ಒಳಗೆ ಒಯ್ದು ಹಳೆಯ ಬಟ್ಟೆಯಲ್ಲಿ ಸುತ್ತಿ ತಂದರು. ಬಸ್ಸಿನಲ್ಲಿ ಯಾರೆಷ್ಟು ಕೇಳಿದರೂ ನಾವು ಗಂಟು ಬಿಚ್ಚಲಿಲ್ಲ.

ಬೆಳಗಾವಿಯಲ್ಲಿ ಮೇಜಿನ ಮೇಲೆ ಬಿಚ್ಚಿದೆವು. ನೋಡಿದರೆ ಸೆರಗಿನ ಮೂಲೆಯಲ್ಲಿ, ತೊಗರಿಬೇಳೆಯಷ್ಟು ದೊಡ್ಡದು, ಕಪ್ಪು ಕಾಡಿಗೆಯ ದೃಷ್ಟಿಬೊಟ್ಟು!

ಇದು ಕಾಕುವಿನದೇ ಕೆಲಸ. ನಮ್ಮ ಕಾಕು ಬಾಯಿಂದ ಯಾವುದನ್ನೂ ಚೆಂದ ಎಂದವರಲ್ಲ. ನನ್ನ ಮಗಳು ಹುಟ್ಟಿದಾಗ "ಮೂಗು ಮೊಂಡ ಐತಿ" ಎಂದು ಹೇಳುತ್ತ ಹೇಳುತ್ತಲೇ ಅದರ ಗಲ್ಲಕ್ಕೆ ಇಂಥದೇ ಬೊಟ್ಟು ಒತ್ತಿದ್ದರು. ಚೆಂದ ಕಂಡು, ಯಾರ ಕಣ್ಣು ಬೀಳುತ್ತದೋ ಎಂದು ಜೀವ ಹೆದರಿದರೆ ಮಾತ್ರ ಅವರ ಬೆರಳು ಕಾಡಿಗೆಯ ಡಬ್ಬಿಗೆ ಹೋಗುತ್ತದೆ.

ಆದರೆ ಸ್ಪರ್ಧೆಯ ನಿಯಮಕ್ಕೆ ಇದು ಗೊತ್ತೇ? ಕಟ್ಟಿಗೆಯ ಕೆಲಸವಾದರೆ ಬರೀ ಕಟ್ಟಿಗೆ ಇರಬೇಕು, ಯಾವ ಬಣ್ಣವೂ ಇರಬಾರದು! ಪರೀಕ್ಷಕಿಯವರು ಬಂದರು. ಸೆರಗಿನ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಮೆಲ್ಲಗೆ ಹೇಳಿದರು.

"ಯಜಮಾನ್ರ, ಇಂಥಾ ಕೆಲಸ ಈ ಹಾಲಿನ್ಯಾಗ ಇನ್ನೊಂದಿಲ್ರಿ. ಆದ್ರ ಈ ಕರೀದೊಂದು ಇದ್ರ ನಾವ್ ಇದನ್ನ ಲೆಕ್ಕಕ್ಕ ತಗೊಳ್ಳಾಕ ಬರಂಗಿಲ್ಲ. ಇನ್ನೂ ಟೈಮ್ ಐತಿ, ಸ್ಯಾಂಡ್ ಪೇಪರ್ ತಗೊಂಡು ತಿಕ್ಕಿಬಿಡ್ರಿ."

ಸ್ಯಾಂಡ್ ಪೇಪರ್ ಕಾಕಾನ ಕಿಸೆಯಲ್ಲೇ ಇತ್ತು. ಹೊರಗೆ ತೆಗೆದರು. ಎಡಗೈಯಿಂದ ಹಲಗೆ ಹಿಡಿದರು. ಬೊಟ್ಟನ್ನೇ ನೋಡುತ್ತ ನಿಂತರು. "ಕಾಕಾ, ಲಗೂನ ತಿಕ್ರಿ!" ಎಂದು ನಾನು ಒಂದೇ ಸಮನೆ ಅವಸರ ಮಾಡುತ್ತಿದ್ದೆ. ಅವರು ಸ್ಯಾಂಡ್ ಪೇಪರನ್ನು ನೀಟಾಗಿ ಮಡಚಿ ಕಿಸೆಗೆ ಇಟ್ಟುಕೊಂಡರು.

"ಇರ್ಲಿ ಬಿಡ್ರಿ ಬಾಯಾರ. ಅದನ್ನ ನಾ ಇಟ್ಟಿಲ್ಲ, ನಾ ಹೆಂಗ ತೆಗೀಲಿ?"

ಮೊದಲ ಬಹುಮಾನ ಯಾರೋ ಹೆಣೆದ ಬಿದಿರಿನ ಬುಟ್ಟಿಗೆ ಹೋಯಿತು. ನನಗೆ ಅಳು ಬರುವುದೊಂದು ಬಾಕಿ. ಕಾಕಾ ಮಾತ್ರ ವಾಪಸ್ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕುಂತು, ಮದುಮಗನ ಹಾಗೆ ಒಳಗೊಳಗೇ ನಗುತ್ತಿದ್ದರು.

ಕಾಕು ಬಾಗಿಲಲ್ಲೇ ನಿಂತಿದ್ದರು. ನಮ್ಮ ಕೈಯಲ್ಲಿ ಗಂಟೊಂದೇ ಇದ್ದುದನ್ನು ಕಂಡು, "ಬಹುಮಾನ ಯಾಕ ಬರ್ಲಿಲ್ಲ?" ಎಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಕಾಕಾ ನನ್ನ ಕಾಲು ತುಳಿದು, "ನನಗಿಂತ ಚೊಲೋ ಮಾಡಿದವರಿದ್ರು" ಎಂದರು.

"ಆ ಮಂದೀಗೆ ಕಣ್ಣಿಲ್ಲೇನು?" ಎಂದು ಕಾಕು ಗಂಟು ಬಿಚ್ಚಿದರು. ತಾವೇ ಮೊಳೆ ಹುಡುಕಿ ತಂದು ಸೆರಗನ್ನು ಪಡಸಾಲೆಯ ಗೋಡೆಗೆ ತೂಗುಹಾಕಿದರು. ರೊಟ್ಟಿ ಹಂಚು ಒಲೆಯ ಮೇಲಿದ್ದುದನ್ನೂ ಮರೆತು ಅದರ ಎದುರಿಗೆ ಕೂತು, ಈ ತುದಿಯಿಂದ ಆ ತುದಿಯವರೆಗೆ ತೆನೆ ತೆನೆಯನ್ನೂ ಕಣ್ಣು ತುಂಬ ನೋಡಿದರು.

"ಒಂದು ಎಳೀ ಸುದ್ದಾ ಮುರೀಲಾರದ ಬಂದೈತಿ ನೋಡ್ರಿ! ನಾ ಬೊಟ್ಟು ಇಟ್ಟಿದ್ದಕ್ಕ ಉಳೀತು. ಇಲ್ಲಂದ್ರ ಅಷ್ಟು ಮಂದಿ ಕಣ್ಣಾಗ ಉಳೀತಿತ್ತೇನು?"

ಕಾಕಾ ಅವರ ಬಾಜೂಕೆ ಕುಂತರು.

"ಹೌದೌದು," ಎಂದರು. "ನೀ ಇಟ್ಟಿದ್ದಕ್ಕ."