ತಿಮ್ಮಪ್ಪನವರ ಸನ್ಮಾನ ಪತ್ರವೂ ನನ್ನ ಫ್ಲಾಪಿಯೂ

ಆ ವರ್ಷ ಬಸರೀಕಟ್ಟೆಯಲ್ಲಿ ಕಂಪ್ಯೂಟರ್ ಇದ್ದ ಎರಡು ಮನೆಗಳಲ್ಲಿ ನಮ್ಮದೂ ಒಂದು. ಇನ್ನೊಂದು ಮನೆಯದು ಕೆಟ್ಟಿತ್ತು. ಹೀಗಾಗಿ, ನಿವೃತ್ತರಾಗಲಿದ್ದ ಲೈನ್‌ಮನ್ ತಿಮ್ಮಪ್ಪನವರಿಗೆ ಸನ್ಮಾನ ಪತ್ರ ಸಿದ್ಧಪಡಿಸುವ ಮಹತ್ಕಾರ್ಯವು ಸರ್ವಾನುಮತದಿಂದ ನನ್ನ ಹೆಗಲೇರಿತು!

ತಿಮ್ಮಪ್ಪನವರೆಂದರೆ ಮೂವತ್ತು ಮಳೆಗಾಲ ನಮ್ಮೂರ ಕಂಬ ಹತ್ತಿದವರು. ತಂತಿ ಹರಿದರೆ ಬೈದುಕೊಂಡಾದರೂ ಬಂದು ಕರೆಂಟು ಕೊಟ್ಟವರು. ಅವರ ಜೀವಮಾನದಲ್ಲಿ ಇದೇ ಮೊದಲ ಸನ್ಮಾನ, ಬಹುಶಃ ಕೊನೆಯದೂ. ಎಡವಟ್ಟಾಗಬಾರದು ಎಂದು ಊರವರೆಲ್ಲ ಎಚ್ಚರಿಸಿದರು.

ನನ್ನ ಹೆಂಡತಿ ಸುಮಿತ್ರಾಳ ಕೈಬರಹ ಮುತ್ತು ಪೋಣಿಸಿದ ಹಾಗೆ. ತಾನೇ ಬರೆದುಕೊಡುತ್ತೇನೆ ಎಂದಳು. ಇದು ಕಂಪ್ಯೂಟರ್ ಯುಗ ಎಂದು ನಾನು ನಕ್ಕುಬಿಟ್ಟೆ. ಕರಡು ಸಹ ಬರೆಯದೆ ನೇರವಾಗಿ ಕೀಲಿಮಣೆಯ ಮೇಲೆಯೇ ಎರಡು ದಿನ ಕುಟ್ಟಿ, ಫ್ಲಾಪಿಗೆ ತುಂಬಿಸಿ, ಮನೆಯಲ್ಲಿ ಪ್ರಿಂಟರ್ ಇಲ್ಲದ್ದರಿಂದ ಮುದ್ರಿಸಲು ಕೊಪ್ಪಕ್ಕೆ ಹೊರಟೆ.

ಕೊಪ್ಪದ ಡಿಟಿಪಿ ಅಂಗಡಿಯಲ್ಲಿ ಫ್ಲಾಪಿ ತೆರೆಯಿತು. ‘ಸನ್ಮಾನ್ಯ’ ಎಂದಿರಬೇಕಾದಲ್ಲಿ ಒಂದು ಡಾಲರ್ ಗುರುತು, ಎರಡು ಪ್ರಶ್ನಾರ್ಥಕ ಚಿಹ್ನೆ, ಕುಂಟುವ ನಾಲ್ಕು ಇಂಗ್ಲಿಷ್ ಅಕ್ಷರ! ಅಂಗಡಿಯವರು ನಿಧಾನವಾಗಿ ವಿವರಿಸಿದರು. ಕನ್ನಡ ಸಾಫ್ಟ್‌ವೇರ್ ಮಾಡುವ ಒಬ್ಬೊಬ್ಬರೂ ಅಕ್ಷರಕ್ಕೆ ತಮ್ಮದೇ ಗುಟ್ಟಿನ ಸಂಖ್ಯೆ ಇಟ್ಟುಕೊಂಡಿದ್ದಾರಂತೆ. ಒಬ್ಬರ ‘ಕ’ ಇನ್ನೊಬ್ಬರಿಗೆ ಗುರುತು ಸಿಗುವುದಿಲ್ಲವಂತೆ. ಎಲ್ಲರಿಗೂ ಒಂದೇ ಆಗುವ ಪದ್ಧತಿ ಬಂದಿದೆಯಂತೆ, ಆದರೆ ಕೊಪ್ಪಕ್ಕೆ ಇನ್ನೂ ಬಂದಿರಲಿಲ್ಲ.

ನರಸಿಂಹರಾಜಪುರಕ್ಕೆ ಬಸ್ಸು ಹತ್ತಿದೆ. ಅಲ್ಲಿ ಬರೀ ಚೌಕಗಳು ಬಂದವು, ಬಚ್ಚಲಿಗೆ ಟೈಲ್ಸ್ ಹಾಕಿದ ಹಾಗೆ. ಮನೆಗೆ ಮರಳಿದಾಗ ಸುಮಿತ್ರಾ ಪೆನ್ನು, ಬಿಳಿ ಹಾಳೆ ತಂದಿಟ್ಟಳು. ನಾನು ಅವನ್ನು ಪಕ್ಕಕ್ಕೆ ಸರಿಸಿ ಊಟಕ್ಕೆ ಕುಳಿತೆ.

ಮರುದಿನವೇ ಸನ್ಮಾನ. ಬೆಳಿಗ್ಗೆಯೇ ಶೃಂಗೇರಿಗೆ ಓಡಿದೆ. ಅಲ್ಲೂ ಅದೇ ಡಾಲರು!

“ಸ್ಕ್ರೀನಲ್ಲಿ ಹಾಗೆ ಕಾಣುತ್ತೆ ಸಾರ್, ಪ್ರಿಂಟಲ್ಲಿ ಸರಿ ಬರುತ್ತೆ” ಅಂದರು ಅಂಗಡಿಯವರು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನಂಬಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಪ್ರಿಂಟಾಗಿ, ಪಕ್ಕದಂಗಡಿಯಲ್ಲಿ ಫ್ರೇಮಾಗಿ, ಮಿನುಗುವ ಕಾಗದ ಸುತ್ತಿ ರಿಬ್ಬನ್ನೂ ಬಿದ್ದಿತ್ತು. ಬಿಚ್ಚಿ ನೋಡೋಣವೆಂದರೆ ಬಸ್ಸು ಹೊರಟುನಿಂತಿತ್ತು.

ಸಂಜೆ ವೇದಿಕೆಯ ಮೇಲೆ ಸಭೆಯ ಅಧ್ಯಕ್ಷರು ರಿಬ್ಬನ್ ಬಿಚ್ಚಿ, ಓದಲೆಂದು ಫ್ರೇಮನ್ನು ನನ್ನ ಕೈಗಿತ್ತರು. ಸುತ್ತ ಚಿನ್ನದ ಬಣ್ಣದ ಬಳ್ಳಿ. ನಡುವೆ ಆದಿಯಿಂದ ಅಂತ್ಯದವರೆಗೆ ಡಾಲರು, ಪ್ರಶ್ನಾರ್ಥಕ! ಕೆಳಗೆ ಇಡೀ ಊರು. ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಶರ್ಟು ತೊಟ್ಟ ತಿಮ್ಮಪ್ಪನವರು, ಕೈಕಟ್ಟಿ ಕುಳಿತಿದ್ದಾರೆ.

ಗಂಟಲು ಸರಿಮಾಡಿಕೊಂಡು ‘ಓದಿದೆ’. ತಮೋನಾಶಕರೇ! ಕಂಬಾರೋಹಣ ಧುರೀಣರೇ! ಬರೆದದ್ದು ನೆನಪಿದ್ದಷ್ಟು ಹೇಳಿದೆ, ಅದು ಮುಗಿದ ಮೇಲೆ ಬಾಯಿಗೆ ಬಂದದ್ದು ಹೇಳಿದೆ. ನಮ್ಮಮ್ಮ ತೀರಿಕೊಂಡ ದಿನ ಜಡಿಮಳೆಯಲ್ಲಿ ಅವರು ಕಂಬ ಹತ್ತಿ ಮನೆಗೆ ಬೆಳಕು ಕೊಟ್ಟದ್ದೂ ಬಂತು. ಅದು ಫ್ಲಾಪಿಯಲ್ಲಿ ಇರಲೇ ಇಲ್ಲ. ತಿಮ್ಮಪ್ಪನವರು ಕಣ್ಣೊರೆಸಿಕೊಂಡರು.

ಚಪ್ಪಾಳೆ ನಿಂತ ಮೇಲೆ ಅವರು ಫ್ರೇಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದೆಂತ ಭಾಷೆ ಮಾರಾಯ್ರೆ?”

ಗುಟ್ಟಿನ ಸಂಖ್ಯೆಗಳ ಕಥೆಯನ್ನೆಲ್ಲ ತಲೆತಗ್ಗಿಸಿ ಹೇಳಿದೆ. ಅವರು ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡರು.

“ನಮ್ಮ ಕೆಲಸದಲ್ಲಿ ಹಾಗಿಲ್ಲಪ್ಪ. ಯಾವ ಕಂಪನಿ ಬಲ್ಬಾದ್ರೂ ಯಾವ ಮನೆ ಹೋಲ್ಡರಿಗಾದ್ರೂ ಕೂರುತ್ತೆ. ಇಷ್ಟು ಓದಿದವರಿಗೆ ಇದು ತಿಳೀಲಿಲ್ವಾ?”

ಇಡೀ ಕಂಪ್ಯೂಟರ್ ಲೋಕದ ಪರವಾಗಿ ನಾನೊಬ್ಬನೇ ನಾಚಿಕೊಂಡೆ. ಸುಮಿತ್ರಾ ಬೇರೆಯದನ್ನು ಬರೆದುಕೊಡುತ್ತೇನೆಂದರೆ ಅವರು ಒಪ್ಪಲಿಲ್ಲ. ಊರವರ ಎದುರು ಕೊಟ್ಟದ್ದು ಇದು, ಇದೇ ಇರಲಿ ಎಂದರು. ಅದೀಗ ಅವರ ಮನೆಯ ಮೀಟರ್ ಬೋರ್ಡಿನ ಮೇಲೆ ತೂಗುತ್ತಿದೆ. ವಾರದೊಳಗೆ ಸಿಡಿಲು ಹೊಡೆದು ನನ್ನ ಕಂಪ್ಯೂಟರ್ ಸುಟ್ಟುಹೋಯಿತು. ಅದರ ಜೊತೆಗೆ ಆ ಸಾಫ್ಟ್‌ವೇರೂ ಹೋಯಿತು.

ಈಗ ಅವರ ಮನೆಗೆ ನೆಂಟರು ಬಂದಾಗಲೆಲ್ಲ ನನಗೆ ಕರೆ ಬರುತ್ತದೆ. ಹೋಗಿ, ಫ್ರೇಮಿನ ಮುಂದೆ ನಿಂತು ಓದಿ ಬರುತ್ತೇನೆ. ಕಳೆದ ಸಲ ತಿಮ್ಮಪ್ಪನವರ ಹೆಂಡತಿ, “ಹೋದ ಸಲ ಓದಿದ್ದು ಇನ್ನೂ ಚೆನ್ನಾಗಿತ್ತು” ಅಂದರು. ಏನು ಮಾಡಲಿ! ಆ ಪತ್ರವನ್ನು ತೆರೆಯಬಲ್ಲ ಯಂತ್ರ ಜಗತ್ತಿನಲ್ಲಿ ಒಂದೇ ಉಳಿದಿದೆ. ಅದೂ ಕಾಫಿ ಕೊಡದೆ ಸ್ಟಾರ್ಟ್ ಆಗುವುದಿಲ್ಲ.