ಎಲ್ಲರ ಕಣ್ಣಲ್ಲೂ ಅದೇ ಕಾಯಿಲೆ

ಮೂವತ್ತು ವರ್ಷ ಬರೀ ಕೆಮ್ಮು ಜ್ವರ ನೋಡಿ ಬೇಸತ್ತಿದ್ದ ಡಾಕ್ಟರಿಗೆ ಕಣ್ಣಿನ ಒಳಗಿನ ಫೋಟೋ ತೆಗೆಯುವ ಯಂತ್ರ ಬಂದದ್ದೇ ತಡ, ಕಾಲು ನೆಲದ ಮೇಲಿರಲಿಲ್ಲ. ಕಣ್ಣಿನ ತಜ್ಞರಲ್ಲದವರಿಗೆಂದೇ ಮಾಡಿದ ಯಂತ್ರ. ಕಾಯಿಲೆ ಏನೆಂದು ಅದೇ ಹೇಳಿಬಿಡುತ್ತದೆ. ಕಂಪನಿಯವನು ಡಾಕ್ಟರನ್ನೇ ಕೂರಿಸಿ, ಅವರ ಕಣ್ಣಿಗೆ ಹಿಡಿದು ಗುಂಡಿ ಒತ್ತಿ ತೋರಿಸಿದ.

"ಇನ್ನೊಂದು ಮುಖ್ಯ ವಿಷಯ ಸರ್..."

"ನೀನು ಹುಟ್ಟೋ ಮುಂಚೆ ಡಾಕ್ಟರ್ ಆದೋನು ನಾನು. ಸಂಜೆ ಬಾರಪ್ಪ." ವರದಿ ಮೂಡುವಷ್ಟೂ ಕಾಯದೆ ಡಾಕ್ಟರು ಅವನನ್ನು ಸಾಗಹಾಕಿದರು.

ಮೊದಲು ಸಿಕ್ಕಿಬಿದ್ದವನು ಎದುರಿನ ಚಹಾ ಅಂಗಡಿಯವನು. ಡಾಕ್ಟರಿಗೆ ಚಹಾ ಕೊಡಲು ಬಂದವನನ್ನು ಹಿಡಿದು ಕೂರಿಸಿದರು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ.

"ಇನ್ನೊಂದು ಚಮಚ ಸಕ್ಕರೆ ಒಳಗೆ ಹೋದ್ರೆ ಕಣ್ಣು ಹೋಯ್ತು ಅಂತ್ಲೇ ತಿಳ್ಕೋ," ಎಂದರು ಡಾಕ್ಟರು, ತಮ್ಮ ಮೂರು ಚಮಚ ಸಕ್ಕರೆಯ ಚಹಾ ಹೀರುತ್ತಾ. ಪಾಪ, ಅವನು ಹೋಗಿ ಅಂಗಡಿಯ ಸಕ್ಕರೆ ಡಬ್ಬಿಯನ್ನೇ ಚರಂಡಿಗೆ ಸುರಿದ.

ಪಕ್ಕದ ದರ್ಜಿಗೂ ಅದೇ ಕಾಯಿಲೆ. ದರ್ಜಿಯ ಹೆಂಡತಿಗೂ ಅದೇ.

"ವಂಶದಲ್ಲೇ ಬಂದಿರೋದಮ್ಮ ಇದು."

"ಅವ್ರ ವಂಶ ಬೇರೆ, ನಂದು ಬೇರೆ ಅಲ್ವಾ ಡಾಕ್ಟ್ರೇ?"

"ಇಷ್ಟು ವರ್ಷ ಒಟ್ಟಿಗೆ ಸಂಸಾರ ಮಾಡಿಲ್ವಾ? ಅಂಟದೆ ಇರುತ್ತಾ?"

ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಕ್ಲಿನಿಕ್ಕಿನ ಮುಂದೆ ಸಾಲು ನಿಂತಿತ್ತು. ಸಂಜೆಯಾಗುತ್ತಾ ಕೊನೆಯವರನ್ನೂ ನೋಡಿದ ಮೇಲೆ ನರ್ಸಮ್ಮ ಮೆಲ್ಲಗೆ ಕೇಳಿದಳು: "ಇಪ್ಪತ್ಮೂರು ಜನಕ್ಕೂ ಒಂದೇ ಥರ ಬರುತ್ತಾ ಸರ್?"

"ಈ ಬೀದಿ ನೀರಲ್ಲೇ ಏನೋ ಇದೆ. ಕಣ್ಣಿನ ತಜ್ಞರು ಅಂತ ಮೆರೀತಾರಲ್ಲ, ಒಬ್ಬರಿಗಾದ್ರೂ ಗೊತ್ತಾಯ್ತಾ?" ಪತ್ರಿಕೆಗೆ ತಮ್ಮ ಯಾವ ಫೋಟೋ ಕೊಡಬೇಕೆಂಬುದನ್ನೂ ಅವರು ಆಗಲೇ ನಿರ್ಧರಿಸಿದ್ದರು.

ಸಂಜೆ ಬಂದ ಕಂಪನಿಯವನು ಯಂತ್ರ ನೋಡಿ ತಲೆ ಕೆರೆದುಕೊಂಡ.

"ಹೊಸ ರೋಗಿ ಅನ್ನೋ ಗುಂಡಿ ಒತ್ತೇ ಇಲ್ವಲ್ಲ ಸರ್! ಬೆಳಿಗ್ಗೆ ಅದನ್ನೇ ಹೇಳೋಕೆ ಬಂದೆ. ಒತ್ತದಿದ್ರೆ ಮೊದಲನೇ ಫೋಟೋದ ವರದಿನೇ ಮತ್ತೆ ಮತ್ತೆ ಬರುತ್ತೆ. ಇವರ್ಯಾರ ಕಣ್ಣನ್ನೂ ಇದು ನೋಡೇ ಇಲ್ಲ."

ಔಷಧಿ ಚೀಟಿಗೆ ಕಾಯುತ್ತಿದ್ದ ಇಡೀ ಸಾಲು ನೆಮ್ಮದಿಯ ಉಸಿರು ಬಿಟ್ಟಿತು. ಡಾಕ್ಟರ ಮುಖ ಹುಳ್ಳಗಾಯಿತು.

"ಅಂದ್ರೆ ಯಂತ್ರ ಸುಳ್ಳು ಹೇಳ್ತು ಅನ್ನು."

"ಇಲ್ಲ ಸರ್, ವರದಿ ಸರಿಯಾಗೇ ಇದೆ. ಮೊದಲನೇ ಫೋಟೋ ನಿಮ್ಮದು."

ಇಪ್ಪತ್ಮೂರು ಜೊತೆ ಕಣ್ಣುಗಳು ಡಾಕ್ಟರ ಮೇಲೆ ನೆಟ್ಟವು. ಅವರಿಗೆ ನಿಜಕ್ಕೂ ಭಯವಾಯಿತು. ಕುರ್ಚಿಯಲ್ಲಿ ಕುಸಿದು, ಅಭ್ಯಾಸಬಲದಿಂದ ಚಹಾಕ್ಕೆ ಕೈಸನ್ನೆ ಮಾಡಿದರು. ಲೋಟ ಬಂತು. ಒಂದು ಗುಟುಕಿಗೇ ಮುಖ ಕಿವುಚಿದರು.

"ಸಕ್ಕರೆ ಎಲ್ಲಯ್ಯಾ?"

"ಚರಂಡೀಲಿದೆ ಡಾಕ್ಟ್ರೇ," ಎಂದ ಚಹಾ ಅಂಗಡಿಯವನು. "ಇನ್ನೊಂದು ಚಮಚ ಹೋದ್ರೆ ಕಣ್ಣು ಹೋಯ್ತು ಅಂತ ನೀವೇ ಹೇಳಿದ್ರಲ್ಲ."